ಗೋವಾಕ್ಕೆ ಎಲೆ ಕಟ್ಟದ ಆಯಿ

1955ರ ಫೆಬ್ರವರಿ 9, ಬುಧವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಬಾಗಿಲ ಸಂದಿಯಲ್ಲಿ ಮೊದಲು ಕಂಡದ್ದು ಒಂದು ಹೆಬ್ಬೆರಳು. ಅದರ ಉಗುರು ಕಾಲು ಇಂಚು ಬೆಳೆದಿತ್ತು, ಬುಡದಿಂದ ತುದಿಯವರೆಗೆ ಕಡು ಹಸಿರು. ನಲವತ್ತು ವರ್ಷ ವೀಳ್ಯದೆಲೆಯ ತೊಟ್ಟು ಚಿವುಟಿ ಬಂದ ಬಣ್ಣ. ಪಕ್ಕದ ಮನೆಯ ಆಯಿ.

"ಮಾಸ್ತರ, ಎದ್ದೀರೇನ್ರಿ? ನನ್ನ ಜೋಡಿ ನಾಕ ಮನಿಗೆ ಬರ್ರಿ. ನಾ ಒಬ್ಬಾಕಿ ಹೇಳಿದ್ರ ಮುದುಕಿಗೆ ತಲಿ ಕೆಟ್ಟೈತಿ ಅಂತಾರ. ಕಲಿತವರೊಬ್ರು ಬಾಜೂಕ ನಿಂತ್ರ ಸಾಕು. ನೀವು ಬಾಯಿ ತಗೀಬ್ಯಾಡ್ರಿ."

ಆಗ ನನಗೆ ಇಪ್ಪತ್ತೆರಡು. ಊರು ಹಂಸಭಾವಿ. ಸವಣೂರಿಗೆ ಶಾಲಾ ಮಾಸ್ತರನಾಗಿ ಬಂದು ಎಂಟು ತಿಂಗಳಾಗಿತ್ತು. ದಿನಚರಿ ಬರೆಯುವ ಚಟ ಮೊದಲಿನಿಂದಲೂ ಇದೆ. ಬಸ್ಸು ಎಷ್ಟು ನಿಮಿಷ ತಡವಾಯಿತೆಂಬುದನ್ನೂ ಬಿಡುವುದಿಲ್ಲ. ಈ ತಾರೀಖುಗಳೆಲ್ಲ ಅದರಿಂದ ತೆಗೆದವು.

ಆಯಿಯ ಒಬ್ಬನೇ ಮಗ ಗೋವಾದ ಗಣಿಗೆ ಕೂಲಿಗೆ ಹೋಗಿದ್ದ. ಅಲ್ಲಿನ್ನೂ ಪೋರ್ತುಗೀಜರ ಆಳ್ವಿಕೆ. ಬೀದಿಯಲ್ಲಿ ನಮ್ಮ ಬಾವುಟ ಹಿಡಿದನೆಂದು ಅವನನ್ನು ಜೈಲಿಗೆ ಹಾಕಿದ್ದರು. ಅದೇ ಗೋವಾಕ್ಕೆ ಸವಣೂರಿನ ಎಲೆ ಲಾರಿಯಲ್ಲಿ ಹೋಗುತ್ತಿತ್ತು. ತಿರುಗಿ ಬರುವಾಗ ಆ ಲಾರಿಯಲ್ಲಿ ವಿಲಾಯತಿ ಗಡಿಯಾರ, ಅತ್ತರು, ನೈಲಾನ್ ಬಟ್ಟೆ ಬರುತ್ತಿದ್ದವು. ಹಾನಗಲ್ಲು, ಶಿಗ್ಗಾಂವಿಯ ಸಂತೆಗಳಲ್ಲಿ ಆಯಿ ಅಂಥ ಅಂಗಡಿಗಳ ಮುಂದೆ ನಿಂತು, "ಇದನ್ನ ಕೊಳ್ಳಾಕ ನಿಮಗ ಕೈ ಹ್ಯಾಂಗ ಏಳ್ತಾವ್ರಿ?" ಎಂದು ಗಿರಾಕಿಗಳನ್ನು ಕೇಳುತ್ತಿದ್ದಳು. ಒಮ್ಮೆ ಹಿರೇಕೆರೂರಿನ ಬಸ್ಸಿನಲ್ಲಿ ಒಬ್ಬ ತಾನು ಗೋವಾ ನೋಡಿ ಬಂದದ್ದನ್ನು ಬಣ್ಣಿಸುತ್ತಿದ್ದ.

"ಸಮುದ್ರ ನೋಡಿದ್ಯಾ?" ಆಯಿ ಕೇಳಿದಳು.

"ನೋಡಿದ್ನಿ, ಆಯಿ. ಭಾರೀ ಐತಿ!"

"ಜೇಲು ನೋಡಲಿಲ್ಲೇನಪಾ? ಸಮುದ್ರದ ಬಾಜೂಕ ಐತಂತ."

ಅವನು ಮುಂದಿನ ಊರಿನಲ್ಲಿ ಇಳಿದುಹೋದ. ಅವನ ಊರು ಅದಲ್ಲ.

ಆ ಬುಧವಾರ ನಾವು ಹೋದದ್ದು ಎಲೆ ಕಟ್ಟುವ ಹೆಂಗಸರ ಮನೆಗಳಿಗೆ. ಗೋವಾದ ಬುಟ್ಟಿಗೆ ಎಲೆ ಕಟ್ಟಬೇಡಿ ಎಂಬುದೊಂದೇ ಮಾತು. ಒಟ್ಟು ಹದಿನೇಳು ಮನೆ. ಒಪ್ಪಿದವರು ಹನ್ನೊಂದು, ಒಪ್ಪದವರು ನಾಲ್ಕು, ಒಳಗಿದ್ದೂ ಬಾಗಿಲು ತೆಗೆಯದವರು ಎರಡು. ಪ್ರತಿ ಮನೆಯ ಮುಂದೆಯೂ ನಾನು ಬೀದಿಯ ಎರಡೂ ಕಡೆ ನೋಡುತ್ತಿದ್ದೆ. ಆ ಲಾರಿಗಳ ಯಜಮಾನನಾದ ಎಲೆ ಸಾವಕಾರ ಮನಸ್ಸು ಮಾಡಿದರೆ ನನ್ನನ್ನು ಊರಿನಿಂದ ವರ್ಗ ಮಾಡಿಸುವುದು ಒಂದು ಕಾಗದದ ಕೆಲಸ.

ಶುಕ್ರವಾರ ಸಂಜೆ ಐದೂಕಾಲಿಗೆ ಸಾವಕಾರನಿಂದ ಕರೆ ಬಂತು. ಎಲೆ ತುಂಬಿಡುವ ಅವನ ವಖಾರದಲ್ಲಿ ಬುಟ್ಟಿಗಳ ನಡುವೆ ಜಮಖಾನೆ ಹಾಸಿತ್ತು. ಬಾಗಿಲ ಹೊರಗೆ ಹೆಂಗಸರು ಗುಂಪುಗೂಡಿದ್ದರು. ಸಾವಕಾರ ಸಿಟ್ಟು ಮಾಡಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಹೆದರಿಕೆಯಾಯಿತು.

"ಆಯಿ, ನಿನ್ನ ಮಗನ ಸುದ್ದಿ ಯಾರು ತರ್ತಾರ?"

"ನಿಮ್ಮ ಲಾರಿ ಡ್ರೈವರ್ರಿ."

"ಜೇಲಿನ ಕಾವಲುಗಾರಗ ನಮ್ಮ ಎಲಿ ಅಂದ್ರ ಪ್ರಾಣ. ಎಲಿ ಕೊಟ್ರ ಬಾಯಿ ಬಿಡ್ತಾನ. ಲಾರಿ ನಿಂತ್ರ ಸುದ್ದೀನೂ ನಿಲ್ತೈತಿ. ಆಮ್ಯಾಲ ಒಳಗ ಅವನ್ನ ಏನ್ ಮಾಡ್ತಾರೋ, ನನ್ನ ಕೇಳಬ್ಯಾಡ."

ಆಯಿಯ ಮುಖ ಬಿಳಿಚಿತು. ಸಾವಕಾರ ಎಲೆ ಅಡಿಕೆಯ ತಟ್ಟೆಯನ್ನು ನಮ್ಮತ್ತ ಸರಿಸಿದ. ಆಯಿ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ನನ್ನ ಬಾಯಿ ಒಣಗಿತ್ತು, ಕೈಗೆ ಏನಾದರೂ ಕೆಲಸ ಬೇಕಿತ್ತು. ಒಂದು ಎಲೆ ತೆಗೆದು, ಸುಣ್ಣ ಸವರಿ ಬಾಯಿಗೆ ಹಾಕಿಕೊಂಡೆ.

ಸಾವಕಾರ ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ ನಕ್ಕ. "ಕೇಳ್ರವ್ವಾ, ಮಾಸ್ತರು ಎಲಿ ಹಿಡದ್ರು! ಮಾತು ಮುಗೀತು, ನಾಳಿಂದ ಕೆಲಸಕ್ಕ ಬರ್ರಿ!"

ನಮ್ಮಲ್ಲಿ ಮದುವೆ ನಿಶ್ಚಯವಾಗುವುದು, ಹೊಲ ಪಾಲಿಗೆ ಹೋಗುವುದು, ಜಗಳ ತೀರುವುದು ಎಲ್ಲವೂ ಎಲೆ ಹಿಡಿದ ಮೇಲೆಯೇ. ಮಾತುಕತೆಯ ನಡುವೆ ಮುಂದಿಟ್ಟ ಎಲೆ ತಿಂದವನು ಒಪ್ಪಿದ ಹಾಗೆಯೇ. ಹುಟ್ಟಿದಾಗಿನಿಂದ ನನಗದು ಗೊತ್ತು. ಹೆದರಿಕೆಯಲ್ಲಿ ಮರೆತಿದ್ದೆ.

ಹೊರಗೆ ಬಂದು ಉಗುಳಲು ಹೋದಾಗ ಆಯಿ ತಡೆದಳು. "ಉಗುಳಬ್ಯಾಡ್ರಿ. ಎಲಿ ಏನ್ ತಪ್ಪ ಮಾಡೇತಿ?" ಸ್ವಲ್ಪ ದೂರ ನಡೆದ ಮೇಲೆ, "ನಾಳೆ ನೀವ ಬಾಯಿ ತಗೀಬೇಕಾಗ್ತೈತಿ" ಎಂದಳು.

ಶನಿವಾರ ಬೆಳಿಗ್ಗೆ ಆರಕ್ಕೆ ಮತ್ತೆ ಅವೇ ಹದಿನೇಳು ಮನೆ. ಪ್ರತಿ ಹೊಸ್ತಿಲಲ್ಲೂ ನಾನೇ ಹೇಳಿದೆ: "ಹೆದರಿ ತಿಂದೆ. ಅದು ಆಯಿಯ ಒಪ್ಪಿಗೆಯಲ್ಲ." ಮೂರನೆಯ ಮನೆಯವಳು ಬಿದ್ದು ಬಿದ್ದು ನಕ್ಕಳು. "ಹುಡುಗೂರಿಗೆ ಬೆತ್ತ ತೋರಸ್ತೀರಲ್ರಿ ಮಾಸ್ತರ, ನಿಮಗ ಒಂದು ಎಲಿ ತೋರಸಿದ್ರ ಸಾಕಾತೇನು?" ಒಂಬತ್ತನೆಯ ಮನೆಯವಳು ನಗಲಿಲ್ಲ. "ಹೆದರಿಕಿ ಯಾರಿಗಿಲ್ರಿ?" ಎಂದು ನೀರು ಕೊಟ್ಟಳು.

ಒಪ್ಪಿದ್ದ ಹನ್ನೊಂದರಲ್ಲಿ ಒಂಬತ್ತು ಜನ ಉಳಿದರು. ಭಾನುವಾರ ತುಂಬಬೇಕಿದ್ದ ಲಾರಿ ತುಂಬಲಿಲ್ಲ. ಸೋಮವಾರ ವಖಾರದಲ್ಲಿ ಎಲೆ ಹಳದಿಗಟ್ಟಿತು. ಮುಂದಿನ ವಾರದಿಂದ ಸಾವಕಾರ ಎಲೆಯನ್ನು ಬೇರೆ ಊರುಗಳಿಗೆ ಕಳಿಸತೊಡಗಿದ.

ಸುದ್ದಿಯೂ ನಿಂತಿತು. ಡ್ರೈವರ್ ಕೊನೆಯದಾಗಿ ಹೇಳಿದ್ದು ಜನವರಿ 30ರಂದು: ಹುಡುಗ ಬದುಕಿದ್ದಾನೆ, ಕೆಮ್ಮು ಇದೆ. ಆಮೇಲೆ ಏನೂ ಇಲ್ಲ. ಜೂನ್‌ನಲ್ಲಿ ಸಾವಕಾರ, ಆಯಿ ಬಂದು ಗೋವಾಕ್ಕೆಂದು ಒಂದೇ ಒಂದು ಕಟ್ಟು ಕಟ್ಟಲಿ, ಸುದ್ದಿ ತರಿಸುತ್ತೇನೆ ಎಂದು ಹೇಳಿ ಕಳಿಸಿದ. ಆಯಿ ವಖಾರದ ಬಾಗಿಲವರೆಗೆ ಹೋದಳು. ನಾನು ರಸ್ತೆಯ ಈಚೆ ನಿಂತಿದ್ದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತದ್ದು ಹನ್ನೊಂದು ನಿಮಿಷ. ಒಳಗೆ ಕಾಲಿಡದೆ ತಿರುಗಿ ಬಂದಳು. "ನಡೀರಿ, ಮಾಸ್ತರ, ಮನಿಗೆ ಹೋಗೂಣು" ಎಂದಳು, ಅಷ್ಟೇ.

ಆಮೇಲೆ ಅವಳು ಬದುಕಿದ್ದು ನಾಲ್ಕು ವರ್ಷ. "ನಾ ಮಾಡಿದ್ದಕ್ಕ ಅವಗ ಹೊಡದಿರಬೇಕೇನ್ರಿ?" ಎಂದು ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ನನಗೆ ಗೊತ್ತಿರಲಿಲ್ಲ. ನಲವತ್ತಮೂರು ಸಲ ಕೇಳಿದ್ದಾಳೆ. ನಲವತ್ತಮೂರು ಸಲವೂ ಅದನ್ನೇ ಹೇಳಿದ್ದೇನೆ. ನಲವತ್ತಮೂರನೆಯದು ಅವಳು ತೀರಿಕೊಂಡ ದಿನದ್ದು, 1959ರ ಅಕ್ಟೋಬರ್‌ನಲ್ಲಿ.

ಈಗ ಗೋವಾ ಬಿಡುಗಡೆಯಾಗಿದೆ. ಅವಳ ಮಗ ಬಂದಿಲ್ಲ. ಆ ಜೈಲಿನಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಸವಣೂರಿನ ಕಡೆಯ ಮಾತಾಡುವ, ಕೆಮ್ಮುತ್ತಿದ್ದ, ಎಡಗಿವಿ ಸ್ವಲ್ಪ ಹರಿದಿದ್ದ ಒಬ್ಬ ಗಣಿ ಕೂಲಿ ನಿಮಗೆ ನೆನಪಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಆ ಫೆಬ್ರವರಿಯ ನಂತರ ಅವನಿಗೆ ಏನಾಯಿತೆಂಬುದನ್ನು ಬರೆಯಿರಿ. ಉತ್ತರ ಏನಿರಬಹುದೆಂದು ನನಗೆ ಹೆದರಿಕೆಯಿದೆ. ಆದರೂ ನನಗೆ ಸಮಾಧಾನವಾಗಲೆಂದು ಏನನ್ನೂ ಬಿಟ್ಟು ಬರೆಯಬೇಡಿ.