ಎಲ್ಲ ಸೇರ್ತಾ ಗೌರಿ?

"ಒಂದು ಚೂರು ಕಮ್ಮಿ ಐತೆ ಅಣ್ಣ." ಅವತ್ತು ನಾನು ಹೇಳಬೇಕಾಗಿದ್ದದ್ದು ಇಷ್ಟೇ. ಹೇಳಲಿಲ್ಲ.

ಆಮೇಲೆ ನಡೆದದ್ದನ್ನು ಕೇಳಿದವರು, ನಿದ್ದೆಗಣ್ಣಲ್ಲಿ ಏನೋ ಕಂಡಿರಬೇಕು ಅಂದರು. ನಾನು ಓದಿದ್ದು ಆರನೇ ಕ್ಲಾಸು, ಕಥೆ ಕಟ್ಟಲು ಬರುವುದಿಲ್ಲ. ಕಟ್ಟುವುದೇ ಆದರೆ ನನ್ನ ಹೆಸರು ನಾನೇ ಕೆಡಿಸಿಕೊಳ್ಳುವ ಹಾಗೆ ಯಾಕೆ ಕಟ್ಟಲಿ?

ಸುಂಟಿಕೊಪ್ಪದಿಂದ ಸ್ವಲ್ಪ ಈಚೆ, ರಸ್ತೆ ಬದಿಯಲ್ಲೇ ನಮ್ಮಣ್ಣ ಮಲ್ಲೇಶನ ಗ್ಯಾರೇಜು. ತಗಡಿನ ಶೆಡ್ಡು, ಅದಕ್ಕೆ ಅಂಟಿಕೊಂಡೇ ಮನೆ. ಇರುವವರು ಅಣ್ಣ, ನಾನು, ಇಬ್ಬರೇ. ಅವನಿಗೆ ಐವತ್ತು ದಾಟಿದೆ, ಹತ್ತಿರದ್ದು ಕಣ್ಣಿಗೆ ಹತ್ತುವುದಿಲ್ಲ. ಕನ್ನಡಕ ಬೆವರಿಗೆ ಜಾರುತ್ತದೆ ಅಂತ ಹಾಕುವುದಿಲ್ಲ. ಹಾಗಾಗಿ ಸಣ್ಣದನ್ನೆಲ್ಲ ನೋಡುವ ಕೆಲಸ ನನ್ನದು. "ನಿನ್ನ ಕಣ್ಣು ನಂಗಿದ್ದಿದ್ರೆ ವಿಮಾನ ರಿಪೇರಿ ಮಾಡ್ತಿದ್ದೆ ಕಣೇ" ಅನ್ನುತ್ತಿದ್ದ.

ಕಾಫಿ ಕುಯ್ಲಿನ ಸಮಯ. ತೋಟಗಳಿಗೆ ಆಳುಗಳನ್ನು ಸಾಗಿಸುವ ಉಮ್ಮರ್ ಕಾಕನ ಹಳೇ ವ್ಯಾನು ಒಂದು ಸಂಜೆ ಶೆಡ್ಡಿಗೆ ಬಂತು. ಆ ವ್ಯಾನಿನ ಇಂಜಿನ್ನು ಮುಂದಿನ ಸೀಟಿನ ಅಡಿಯಲ್ಲೇ ಇದೆ. ಸೀಟು ಎತ್ತಿ, ಇಂಜಿನ್ನಿಗೆ ಕಿಡಿ ಕೊಡುವ ಪಿಂಗಾಣಿ ಮೈಯ ಪ್ಲಗ್ ಬಿಚ್ಚಲು ಹೋದರೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅಣ್ಣ ಬಲ ಹಾಕಿದ. ಲಟ್ ಅಂತ ತಲೆ ಮುರಿದು ಕೈಗೆ ಬಂತು. ಬುಡ ಇಂಜಿನ್ನಿನಲ್ಲೇ ಉಳಿಯಿತು.

ಸೀಮೆಎಣ್ಣೆ ಬಿಟ್ಟು ಕಾದು, ಬುಡದಲ್ಲಿದ್ದ ಪಿಂಗಾಣಿಯನ್ನು ಕುಟ್ಟಿ ತೆಗೆದು, ಆ ತೂತಿಗೆ ಹಳೇ ಅರದ ಚೂಪು ತುದಿ ಹೊಡೆದು, ಸ್ಪ್ಯಾನರಿನಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿದ. ಕಿರ್ರೋ ಅನ್ನುತ್ತಾ ಬುಡ ಈಚೆ ಬಂತು.

ಇಲ್ಲಿ ಅಣ್ಣನದೊಂದು ಕಟ್ಟುನಿಟ್ಟು. ಒಡೆದ ಪಿಂಗಾಣಿಯನ್ನೆಲ್ಲ ಹೆಕ್ಕಿ ಕಪ್ಪು ರಬ್ಬರ್ ಮ್ಯಾಟಿನ ಮೇಲೆ ಜೋಡಿಸಬೇಕು, ಚಿಕ್ಕಂದಿನಲ್ಲಿ ಬಳೆಚೂರು ಜೋಡಿಸುತ್ತಿದ್ದ ಹಾಗೆ. ಪೂರ್ತಿ ಸೇರಿದರೆ ಒಳಗೆ ಏನೂ ಬಿದ್ದಿಲ್ಲ ಅಂತ. ಒಂದು ಕಮ್ಮಿಯಾದರೂ ಇಂಜಿನ್ನು ತಿರುಗಿಸುವಂತಿಲ್ಲ. ತಂತಿಯ ತುದಿಗೆ ಗ್ರೀಸ್ ಮೆತ್ತಿ, ತೂತಿನೊಳಗೆ ಬಿಟ್ಟು, ಸಿಗುವ ತನಕ ಹುಡುಕಬೇಕು. ಗಂಟೆಗಟ್ಟಲೆ ಕೆಲಸ.

ಅವತ್ತು ಕುಶಾಲನಗರದಲ್ಲಿ ನಮ್ಮಕ್ಕನ ಮಗಳಿಗೆ ಬಳೆ ತೊಡಿಸುವ ಶಾಸ್ತ್ರ. ನಾನು ಸೀರೆ ಉಟ್ಟು ತಯಾರಾಗಿಯೇ ಕೂತಿದ್ದೆ. "ಬಸ್ಸು ಹೋಗ್ತದೆ ಗೌರಿ, ಅಲ್ಲಿ ಬಳೆ ಎಲ್ಲ ಖಾಲಿ ಆಗ್ತದೆ" ಅಂತ ಉಮ್ಮರ್ ಕಾಕ ರೇಗಿಸಿದ.

ಹನ್ನೊಂದು ಚೂರು ಸೇರಿದವು. ನಡುವೆ ಅಕ್ಕಿಕಾಳಿನಷ್ಟು ಜಾಗ ಖಾಲಿ.

"ಎಲ್ಲ ಸೇರ್ತಾ ಗೌರಿ?" ಅಣ್ಣ ಕೇಳಿದ.

ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳಿಸಿತು...

"ಸೇರ್ತು ಅಣ್ಣ" ಅಂದೆ.

ಚೂರುಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಓಡಿದೆ. ಯಾರೂ ಮತ್ತೆ ಜೋಡಿಸಬಾರದು ಅಂತ ಬಸ್ಸಿನ ಕಿಟಕಿಯಿಂದ ತೋಟದ ಬೇಲಿಯಾಚೆ ಎಸೆದುಬಿಟ್ಟೆ. ಇದನ್ನು ನೆನಪಿಡಿ. ನನ್ನ ಈ ಕೈಯಿಂದಲೇ ಎಸೆದದ್ದು.

ಮೂರನೇ ದಿನ ವ್ಯಾನು ತೋಟದ ಏರಿನಲ್ಲಿ ದಮ್ಮು ಕಳೆದುಕೊಂಡು ನಿಂತು, ಹಿಂದಕ್ಕೆ ಜಾರಿ ಕಾಫಿ ಗಿಡಗಳಿಗೆ ನುಗ್ಗಿತು. ಪಾರ್ವತಿ ಅನ್ನುವ ಕುಯ್ಲಿನ ಹೆಂಗಸಿನ ಮಣಿಕಟ್ಟು ಮುರಿಯಿತು. ಬೇರೆ ಕಡೆ ಇಂಜಿನ್ನು ಬಿಚ್ಚಿಸಿದಾಗ ಒಳಗೆಲ್ಲ ಗೀರು.

ಉಮ್ಮರ್ ಕಾಕ ಬಂದು ಜಗಳವನ್ನೇನೂ ಆಡಲಿಲ್ಲ. "ಒಳಗೆ ಚೂರು ಬಿಟ್ಟಿದ್ದೀರಲ್ಲ ಮೇಸ್ತ್ರಿ" ಅಂದ, ಅಷ್ಟೇ. ಅಣ್ಣ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

"ನಮ್ಮ ಗೌರಿ ಕಣ್ಣು ತಪ್ಪಲ್ಲ ಕಾಕ. ಅವಳು ಎದ್ದು ಹೋದ ಮೇಲೆ ನಾನೇ ಏನೋ ಬೀಳಿಸಿರ್ಬೇಕು. ನಂಗೆ ಕಾಣಲ್ಲ. ಇನ್ನು ಈ ಕೆಲಸ ಮುಟ್ಟಬಾರ್ದು."

ಮರುದಿನದಿಂದ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಮೂವತ್ತು ವರ್ಷ ಕೂಡಿಟ್ಟ ಸಾಮಾನನ್ನು ಸೋಮವಾರಪೇಟೆಯವರೊಬ್ಬರಿಗೆ ಕೊಡುವ ಮಾತಾಯಿತು. ಅವರು ಬೆಳಿಗ್ಗೆ ಬಂದು ಒಯ್ಯಬೇಕು. ಅದರ ಹಿಂದಿನ ರಾತ್ರಿಯೇ...

ಕರೆಂಟು ಹೋಗಿತ್ತು. ಹೊರಗೆ ಕೈ ಚಾಚಿದರೆ ಕಾಣದಷ್ಟು ಮಂಜು. ತೋಟದ ಕಡೆಯಿಂದ ಕಾಫಿ ಸಿಪ್ಪೆ ಕೊಳೆತ ಹುಳಿ ವಾಸನೆ. ಅಣ್ಣ ಒಳಗಿನ ಕೋಣೆಯಲ್ಲಿ ಮಲಗಿ ಕೆಮ್ಮುತ್ತಿದ್ದ. ನಾನು ಪಾತ್ರೆ ಬೆಳಗುತ್ತಿದ್ದೆ.

ಟಿಕ್... ಟಿಕ್...

ಓಡಿಬಂದ ಗಾಡಿಯ ಇಂಜಿನ್ನಿನ ಬಿಸಿ ಆರುವಾಗ ಆಗುವ ಸದ್ದು. ನನಗೆ ಅದರ ಪರಿಚಯವಿದೆ. ಆದರೆ ಶೆಡ್ಡಿನಲ್ಲಿ ಗಾಡಿಯೇ ಇರಲಿಲ್ಲ.

ದೀಪ ಹಿಡಿದು ನಡುವಿನ ಬಾಗಿಲು ತೆಗೆದೆ. ಬಿಸಿ ಪೆಟ್ರೋಲಿನ ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಯಾರೂ ಇಲ್ಲ. ಕಟ್ಟಿಟ್ಟ ಮೂಟೆಗಳು, ಖಾಲಿ ನೆಲ. ನೆಲದ ಮೇಲೆ ಆ ಕಪ್ಪು ಮ್ಯಾಟು ಹಾಸಿತ್ತು. ಸುತ್ತಿ ಅಟ್ಟದ ಮೇಲಿಟ್ಟವಳು ನಾನೇ.

ಮ್ಯಾಟಿನ ಮೇಲೆ ಏನೋ ಬೆಳ್ಳಗೆ...

ಬಗ್ಗಿ ನೋಡಿದೆ. ಹನ್ನೊಂದು ಚೂರು. ಒಂದಕ್ಕೊಂದು ಒತ್ತಿ ಜೋಡಿಸಿದ್ದವು. ನಡುವೆ ಅಕ್ಕಿಕಾಳಿನಷ್ಟು ಜಾಗ ಖಾಲಿ.

ಮುಟ್ಟಿದೆ. ಬೆಚ್ಚಗಿದ್ದವು.

"ಎಲ್ಲ ಸೇರ್ತಾ ಗೌರಿ?"

ನನ್ನ ಬೆನ್ನ ಹಿಂದೆ, ವ್ಯಾನು ನಿಂತಿದ್ದ ಜಾಗದಿಂದ. ಅಣ್ಣನದೇ ದನಿ. ಸೀಟಿನ ಅಡಿಗೆ ತಲೆ ಹಾಕಿ ಕೇಳಿದಂತೆ ಸ್ವಲ್ಪ ಮಂದವಾಗಿತ್ತು. ಅದೇ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಅಣ್ಣ ಕೆಮ್ಮಿದ್ದು ಕೇಳಿಸಿತು...

ತಿರುಗಿ ನೋಡಲು ಧೈರ್ಯ ಬರಲಿಲ್ಲ. ದೀಪ ನೆಲಕ್ಕಿಟ್ಟು, ಶಾಸ್ತ್ರದಲ್ಲಿ ತೊಟ್ಟ ಹಸಿರು ಬಳೆಗಳು ಸದ್ದಾಗದ ಹಾಗೆ ಒತ್ತಿ ಹಿಡಿದುಕೊಂಡೆ.

"ಎಲ್ಲ ಸೇರ್ತಾ?"

ಗದರಿಕೆಯಿಲ್ಲ, ಸಿಟ್ಟಿಲ್ಲ. ಯಾವಾಗಲೂ ಕೇಳುವ ಹಾಗೆಯೇ, ನಾನು ಹೇಳಿದ್ದನ್ನು ನಂಬಲು ತಯಾರಾಗಿರುವ ದನಿ. ನನಗೆ ತಡೆಯಲಾಗದೆ ಹೋದದ್ದು ಅದೇ.

"ಇಲ್ಲ" ಅಂದೆ.

ಟಿಕ್ ಟಿಕ್ ನಿಂತಿತು. ದೀಪ ಅಲ್ಲೇ ಬಿಟ್ಟು ಒಳಗೆ ಓಡಿದೆ. ಅಣ್ಣ ಕಂಬಳಿ ಹೊದ್ದು ಎದ್ದು ಕೂತಿದ್ದ. "ಯಾರ ಹತ್ರ ಮಾತಾಡ್ತಿದ್ದೆ?" ಅಂದ.

ಬೆಳಿಗ್ಗೆ ಹೋಗಿ ನೋಡಿದರೆ ಮ್ಯಾಟು ಅಟ್ಟದ ಮೇಲಿತ್ತು. ಚೂರು ಒಂದೂ ಇರಲಿಲ್ಲ. ನನ್ನ ಬೆರಳಿಗೂ ಹಸಿರು ಬಳೆಗಳಿಗೂ ಮಾತ್ರ ಇಂಜಿನ್ನಿನ ಮಸಿ ಹತ್ತಿತ್ತು. ಎಷ್ಟು ತಿಕ್ಕಿದರೂ ಎರಡು ದಿನ ಹೋಗಲಿಲ್ಲ.

ಸಾಮಾನು ಒಯ್ಯಲು ಬಂದವರನ್ನು ಅಣ್ಣ ವಾಪಸು ಕಳಿಸಿದ. ಈಗ ಶೆಡ್ಡು ಮತ್ತೆ ತೆರೆದಿದೆ. ಪ್ಲಗ್ ಮುರಿದಾಗ ಚೂರು ಜೋಡಿಸುವವಳು ಈಗಲೂ ನಾನೇ, ಅಣ್ಣನೇ ಕೂರಿಸುತ್ತಾನೆ. "ಎಲ್ಲ ಸೇರ್ತಾ?" ಅಂತ ಅವನು ಕೇಳಿದ ತಕ್ಷಣ ನಾನು ಉತ್ತರ ಕೊಡುವುದಿಲ್ಲ. ತಲೆಯೆತ್ತಿ, ಕೇಳಿದವನು ಎದುರಿಗೇ ಇದ್ದಾನಾ ಅಂತ ಮೊದಲು ನೋಡಿಕೊಳ್ಳುತ್ತೇನೆ.

ಆ ರಾತ್ರಿ ಶೆಡ್ಡಿನಲ್ಲಿ ಕೇಳಿದ್ದು ಯಾರು, ಗೊತ್ತಿಲ್ಲ. ಕೋಣೆಯಲ್ಲಿ "ಯಾರ ಹತ್ರ ಮಾತಾಡ್ತಿದ್ದೆ?" ಅಂತ ಕೇಳಿದವನು ಮಾತ್ರ ಅಣ್ಣನೇ. ಆಗಲೇ ಅವನ ಮಂಚದ ಬುಡದಲ್ಲಿ, ಕತ್ತಲಲ್ಲೇ ಕೂತು ಹೇಳಿದೆ.

"ಅಣ್ಣ, ಅವತ್ತು ಒಂದು ಚೂರು ಕಮ್ಮಿ ಇತ್ತು. ನಂಗೆ ಕಾಣಿಸ್ತು. ಬಸ್ಸು ತಪ್ಪುತ್ತೆ ಅಂತ ಸುಳ್ಳು ಹೇಳಿದೆ. ನಿನ್ನ ಕೈ ತಪ್ಪಿಲ್ಲ, ಪಾರ್ವತಿ ಕೈ ಮುರಿದಿದ್ದು ನನ್ನಿಂದ. ನಾಳೆ ಅವಳಿಗೂ ಕಾಕನಿಗೂ ನಾನೇ ಹೋಗಿ ಹೇಳ್ತೀನಿ. ತಪ್ಪಾಯ್ತು ಅಣ್ಣ."