ಮುದ್ದೆಗೆ ಹಲ್ಲು ತೋರಿಸಬಾರದು

ಅವತ್ತು ಮಧ್ಯಾಹ್ನ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಎರಡನೇ ಲಾಕ್‌ಡೌನ್. ಶಾಂತಿಗ್ರಾಮದ ಹತ್ತಿರದ ನಮ್ಮ ತೆಂಗಿನ ನಾರಿನ ಶೆಡ್ಡು ನಿಂತಿತ್ತು. ನನ್ನ ಗಂಡ ತೀರಿಕೊಂಡ ಮೇಲೆ ಅದನ್ನು ನಡೆಸುತ್ತಿದ್ದವರು ಅತ್ತೆ ಮತ್ತು ನಾನು. ಕೆಲಸಕ್ಕಿದ್ದ ಬಿಹಾರದ ದಂಪತಿ, ಮುನ್ನಿ ಮತ್ತು ದಿನೇಶ, ಊರಿಗೆ ಹೋಗಲಾಗದೆ ಶೆಡ್ಡಿನ ಪಕ್ಕದ ಕೋಣೆಯಲ್ಲೇ ಉಳಿದಿದ್ದರು. ಅವರ ಗೋಧಿ ಹಿಟ್ಟು ಮುಗಿದಿತ್ತು. ನಮ್ಮಲ್ಲಿ ರಾಗಿ ಬೇಕಾದಷ್ಟಿತ್ತು. ಹಾಗಾಗಿ ಅತ್ತೆ ಅವರಿಗೆ ಮುದ್ದೆ ಉಣ್ಣುವುದನ್ನು ಕಲಿಸಲು ಕೂತಿದ್ದರು.

ಮುನ್ನಿ ಅದನ್ನು ರೊಟ್ಟಿಯಂತೆ ಅಗಿಯುತ್ತಿದ್ದಳು. ಹಲ್ಲಿಗೆಲ್ಲ ಮೆತ್ತಿಕೊಳ್ಳುತ್ತಿತ್ತು.

"ಅಗೀಬ್ಯಾಡ ಕಣವ್ವ, ನುಂಗು! ಮುದ್ದೆಗೆ ಅಲ್ಲು ತೋರುಸ್ಬಾರ್ದು," ಎಂದು ಅತ್ತೆ ಒಂದು ತುತ್ತು ಮುರಿದು, ಸೊಪ್ಪಿನ ಸಾರಿನಲ್ಲಿ ಹೊರಳಿಸಿ, ಗಂಟಲಿಗೆ ಜಾರಿಸಿ ತೋರಿಸಿದರು. ತೋರಿಸಲು ಅವರ ಬಾಯಲ್ಲಿ ಹಲ್ಲೂ ಹೆಚ್ಚಿರಲಿಲ್ಲ. ಮುನ್ನಿ ಕಣ್ಣು ಮುಚ್ಚಿ ನುಂಗಲು ಹೋಗಿ ಕೆಮ್ಮಿದಳು.

"ಲೇ ದಿನೇಶ, ನಿನ್ ಎಂಡ್ತಿಗೆ ಆ ದೇವ್ರು ಗಂಟ್ಲೇ ಇಟ್ಟಿಲ್ಲ ಕಣ್ಲಾ!"

ಮರುದಿನ ಊಟಕ್ಕೆ ಕೂತಾಗ ಮೊದಲು ಗಮನಿಸಿದ್ದು ಮುನ್ನಿ. ಬೆರಳು ಮಾಡಿ ನಕ್ಕಳು. "ಅಮ್ಮಾ, ಅಲ್ಲು ಬ್ಯಾಡ! ನುಂಗು!"

ಅತ್ತೆ ಮುದ್ದೆಯನ್ನು ಅಗಿಯುತ್ತಿದ್ದರು.

ಗಂಟಲು ನೋವು. ಸಂಜೆಗೆ ಜ್ವರ. ಮೂರನೇ ದಿನ ಅತ್ತೆಗೂ ನನಗೂ ಕೋವಿಡ್ ಪಾಸಿಟಿವ್ ಎಂದು ಬಂತು. ನನ್ನದು ಜ್ವರದಲ್ಲೇ ನಿಂತಿತ್ತು. ಅತ್ತೆಯ ಆಕ್ಸಿಜನ್ ಇಳಿಯುತ್ತಿತ್ತು. ಹಾಸನದ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದರು ಪರೀಕ್ಷೆ ಮಾಡಿದವರು.

ಆಂಬುಲೆನ್ಸಿಗೂ ಮೊದಲು ಪಕ್ಕದ ತೋಟದ ರಂಗಣ್ಣ ಬಂದು ಗೇಟಿನಾಚೆ ನಿಂತ. "ಆ ಬಿಹಾರದೋರೇ ತಂದಿದ್ದು ಕಣಕ್ಕ. ಕಳಿಸ್ಬುಡು. ಇಲ್ದಿದ್ರೆ ಊರೋರು ಬಂದು ಓಡುಸ್ತಾರೆ."

ಬಸ್ಸಿರಲಿಲ್ಲ. ಕಳಿಸಿದರೆ ಅವರಿಗೆ ಉಳಿಯುವುದು ಹೈವೇ ಒಂದೇ. ಅದು ಗೊತ್ತಿದ್ದೂ ನಾನು ಮುನ್ನಿಗೆ ಬಟ್ಟೆ ತುಂಬಿಕೊಳ್ಳಲು ಹೇಳಿದೆ.

ಹೇಳಿದ್ದು ನಾನೇ.

ಅತ್ತೆ ಸ್ಟ್ರೆಚರ್ ಬೇಡವೆಂದು ನಡೆದೇ ಬಂದರು. ಬಾಗಿಲ ಬಳಿ ಮುನ್ನಿಯ ಬಟ್ಟೆ ಚೀಲ ಕಂಡಿತು. ನಿಂತರು. ನಡುನಡುವೆ ಉಸಿರು ಎಳೆದುಕೊಂಡು ಹೇಳಿದರು. "ಕದ್ದು ಮುಚ್ಚಿ ಒಳೇನರ್ಸೀಪುರದ ನಾಮಕರಣಕ್ಕೋಗಿ ಪಾಯ್ಸ ಉಂಡ್ಬಂದೋಳು ನಾನು. ಇವ್ರು ಎಲ್ಗೋಗಿದ್ರು? ನಾನ್ ಬರೋಗಂಟ ಇಲ್ಲೇ ಇರ್ತಾರೆ. ಲೇ ರಂಗ, ಕೇಳುಸ್ತೇನ್ಲಾ?"

ಆಮೇಲೆ ಮುನ್ನಿ, ದಿನೇಶ ಇಬ್ಬರದೂ ನೆಗೆಟಿವ್ ಬಂತು. ರಂಗಣ್ಣನದು ಪಾಸಿಟಿವ್. ಅವನೂ ಅದೇ ನಾಮಕರಣಕ್ಕೆ ಹೋಗಿದ್ದನಂತೆ. ಅವನು ಹಾಸಿಗೆ ಹಿಡಿದಷ್ಟು ದಿನ ಅವನ ಹಸುಗಳ ಹಾಲು ಕರೆದವನು ದಿನೇಶ.

ನಾನು ಒಳಕೋಣೆ ಸೇರಿದ್ದೆ. ಮುನ್ನಿ ತಟ್ಟೆಯನ್ನು ಕಿಟಕಿಯಲ್ಲಿಟ್ಟು, ದೂರ ಸರಿದು ಕೂಗುತ್ತಿದ್ದಳು: "ಅಕ್ಕಾ, ಮುದ್ದೆ! ಅಗೀಬ್ಯಾಡ ಕಣವ್ವ!" ಒಳಗೆಲ್ಲ ಬೇಯದ ಹಸಿ ಹಿಟ್ಟು. ಅಷ್ಟು ಕೆಟ್ಟ ಮುದ್ದೆಯನ್ನು ನಾನು ಜನ್ಮದಲ್ಲಿ ಉಂಡಿರಲಿಲ್ಲ. ಚೂರೂ ಬಿಡಲಿಲ್ಲ. ಚೀಲದ ವಿಷಯ ಅವಳು ಎತ್ತಲೇ ಇಲ್ಲ. ಕೊನೆಗೆ ನಾನೇ ಎತ್ತಿದೆ.

"ಜ್ವರ ಇತ್ತಲ್ಲ ಅಕ್ಕಾ, ತಲೆ ಕೆಡ್ತದೆ," ಎಂದಳು.

ವಾರ್ಡಿಗೆ ಯಾರನ್ನೂ ಬಿಡುತ್ತಿರಲಿಲ್ಲ. ನರ್ಸ್ ದಿನಕ್ಕೊಮ್ಮೆ ವೀಡಿಯೊ ಕಾಲ್ ಮಾಡಿಕೊಡುತ್ತಿದ್ದರು. ಅತ್ತೆಯ ಪ್ರಶ್ನೆ ಒಂದೇ.

"ನುಂಗ್ತಾಳಾ?"

"ಇಲ್ಲ ಅತ್ತೆ, ಇನ್ನೂ ಅಗೀತಾಳೆ."

"ದಡ್ಡಿ," ಎಂದು ಮಾಸ್ಕಿನೊಳಗೇ ನಗುತ್ತಿದ್ದರು.

ಒಂಬತ್ತನೇ ದಿನ ಫೋನ್ ಮಾಡಿದ್ದು ಡಾಕ್ಟರ್.

"ತುಂಬಾ ಪ್ರಯತ್ನ ಮಾಡಿದ್ವಿ ಅಮ್ಮ," ಎಂದರು. ಅದರ ಮುಂದಿನ ಮಾತು ನನಗೆ ನೆನಪಿಲ್ಲ.

ಲಾಕ್‌ಡೌನ್ ತೆಗೆದಾಗ ಊರಿಗೆ ಹೋಗಿ ಬನ್ನಿ ಎಂದೆ. "ಅಮ್ಮ ಬರೋಗಂಟ ಅಂದಿದ್ರಲ್ಲ," ಎಂದ ದಿನೇಶ. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಆಮೇಲೆ ಹೋದರು. ತಿಂಗಳೊಳಗೆ ಬಂದರು, ನನಗೊಂದು ಡಬ್ಬಿ ಉಪ್ಪಿನಕಾಯಿ ಹೊತ್ತುಕೊಂಡು. ಶೆಡ್ಡು ಮತ್ತೆ ನಡೆಯುತ್ತಿದೆ. ದಿಬ್ಬ ಹತ್ತಿದರೆ ನನಗೆ ಈಗಲೂ ದಮ್ಮು ಬರುತ್ತದೆ. ಅಷ್ಟರಲ್ಲಿ ಹೋಯಿತು. ಕಿಟಕಿಯಲ್ಲಿ ತಟ್ಟೆ ಇಡುವವರನ್ನು ಓಡಿಸದೆ ಉಳಿದೆನಲ್ಲ, ಅದು ಅತ್ತೆಯ ಪುಣ್ಯ.

ಹೋದ ವಾರ ಮುನ್ನಿ ಇಡೀ ಒಂದು ಮುದ್ದೆಯನ್ನು ಹಲ್ಲು ತಾಗಿಸದೆ ಮುಗಿಸಿದಳು. ಮುಗಿಸಿ, ಗೆದ್ದವಳಂತೆ ತಲೆಯೆತ್ತಿ ಎದುರಿನ ಮಣೆಯ ಕಡೆ ನೋಡಿದಳು.

ಅಲ್ಲಿ ಅತ್ತೆ ಇಲ್ಲ.