ಊರಬಾವಿಯ ರಾಡಿ

ನಿಜಾಮನ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಬೇಸಿಗೆಯಲ್ಲಿ, ವನದುರ್ಗದ ಹತ್ತಿರದ ಆ ಊರಿಗೆ ಒಂದು ಜೀಪು ಬಂತು. ಅಣುಶಕ್ತಿಗೆ ಬೇಕಾದ ಕಲ್ಲು ನೆಲದೊಳಗೆ ಎಲ್ಲಿದೆ, ಅದರ ವಿಷ ಬಾವಿಗಳಿಗೆ ಇಳಿದಿದೆಯೇ ಎಂದು ನೋಡುವ ಸರ್ವೆಯವರು. ಪ್ರತಿ ಬಾವಿಯ ನೀರನ್ನು ಒಂದು ಶೀಸೆಯಲ್ಲಿ, ತಳದ ರಾಡಿಯನ್ನು ಇನ್ನೊಂದರಲ್ಲಿ ತುಂಬಿಕೊಡಲು ಅವರಿಗೊಬ್ಬ ಆಳು ಬೇಕಿತ್ತು. ಹೊಲಗೇರಿಯ ದ್ಯಾವಪ್ಪ ಸಿಕ್ಕ. ಸರಕಾರಿ ಕೆಲಸವೆಂದು ಒಗೆದ ಧೋತರ ಉಟ್ಟು, ಮೀಸೆಗೆ ಎಣ್ಣೆ ಹಚ್ಚಿಕೊಂಡು ಹೊರಟ. "ಮದುಮಗ ಆಗ್ಯಾನ ನೋಡ್ರಿ!" ಎಂದು ಹೆಂಡತಿ ಹಣಮಮ್ಮ ಓಣಿಗೆಲ್ಲ ಕೇಳುವಂತೆ ನಕ್ಕಳು.

ಕೇರಿಯ ಬಾವಿಗೆ ಅವನೇ ಹಗ್ಗ ಹಿಡಿದು ಇಳಿದ. ಮೊಣಕಾಲಮಟ ಹೂತುಕೊಂಡು ರಾಡಿ ಬಾಚಿ ಶೀಸೆ ತುಂಬಿದ.

ಊರಬಾವಿಯ ಮಾತು ಬೇರೆ. ಅದರೊಳಗೆ ಇಳಿಯುವ ಪಾವಟಿಗೆಗಳ ಮೇಲೆ ಎಮ್ಮೆಯ ಕಾಲು ಬೀಳಬಹುದಿತ್ತು, ದ್ಯಾವಪ್ಪನ ಕಾಲು ಬೀಳುವಂತಿರಲಿಲ್ಲ. ದೂರ ನಿಂತು ಕೂಗಿದ. ಗೌಡರ ಮನೆಯ ದೇವಕಮ್ಮ ಬಂದು ಕೊಡದಿಂದ ಸುರಿದಳು. ಕೆಟ್ಟವಳಲ್ಲ, ಸರಕಾರಕ್ಕೆ ಹೋಗುವ ನೀರೆಂದು ಅರಿವೆಯಲ್ಲಿ ಸೋಸಿಯೇ ಸುರಿದಳು. ರಾಡಿ ತೆಗೆದುಕೊಡಿ ಎಂದು ಗೌಡರ ಹೆಣ್ಣುಮಗಳಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಎರಡನೆಯ ಶೀಸೆಗೂ ತಿಳಿನೀರೇ ಬಿತ್ತು. ತಳ ಕಲ್ಲಿನದಿರಬೇಕು ಎಂದುಕೊಂಡು ಸರ್ವೆಯ ಸಾಹೇಬರು ಅದಕ್ಕೂ ಚೀಟಿ ಅಂಟಿಸಿದರು.

ತಿಂಗಳಾದ ಮೇಲೆ ಜೀಪು ಮತ್ತೆ ಬಂತು. ಊರಬಾವಿ ಚೊಕ್ಕ. ಕೇರಿಬಾವಿಯ ರಾಡಿಯಲ್ಲಿ ವಿಷ. ಬಾವಿಯ ಬಾಯಿಗೆ ಹಲಗೆ ಬಡಿಸಿ, "ಇನ್ಮೇಲೆ ಊರಬಾವಿ ನೀರು ಕುಡೀರಿ" ಎಂದರು ಸಾಹೇಬರು. ಹೇಳುವುದು ಎಷ್ಟು ಸಲೀಸು!

ಕೇರಿಯ ಹೆಂಗಸರು ಖಾಲಿ ಕೊಡ ಹಿಡಿದು ಊರಬಾವಿಯಿಂದ ದೂರದಲ್ಲಿ ನಿಂತರು. ಗೌಡ ಬಸವಂತ್ರಾಯ ಕಟ್ಟೆಯ ಮೇಲಿಂದಲೇ ಗದರಿಸಿದ: "ನಿಮ್ಮ ಕೊಡಕ್ಕ ವಿಷ ಹತ್ತ್ಯಾದಂತ. ಆಕಡಿ ಸರೀರಿ!" ಸುರಿಯಲು ಬಂದಿದ್ದ ದೇವಕಮ್ಮನೂ ಹಿಂದೆ ಸರಿದಳು.

ದ್ಯಾವಪ್ಪ ಜೀಪಿನ ಕಡೆ ಓಡಿದ.

"ಸಾಹೇಬ್ರ, ಊರಬಾವಿ ರಾಡಿ ನಾ ತಂದೇ ಇಲ್ರಿ. ಅಲ್ಲಿ ನನಗ ಇಳ್ಯಾಕ ಬಿಡಂಗಿಲ್ರಿ."

ಸಾಹೇಬರ ಮುಖ ಕೆಂಪಾಯಿತು. "ಮೊದಲೇ ಯಾಕೆ ಹೇಳಲಿಲ್ಲ? ಈಗ ನಮ್ಮದೇ ಸರ್ಕಾರ ಕಣಯ್ಯ, ಯಾರು ತಡೀತಾರೆ? ಇಳಿದು ತಗೊಂಡು ಬಾ." ಖಾಲಿ ಶೀಸೆ ಕೈಗಿಟ್ಟರು.

"ನೀವು ಸಂಗಟ ಬರ್ತೀರೇನ್ರಿ?"

ಅವರು ಡ್ರೈವರನ ಮುಖ ನೋಡಿದರು. ಕತ್ತಲಾಗುವುದರೊಳಗೆ ಗುರುಮಠಕಲ್ ಮುಟ್ಟಬೇಕಿತ್ತು. "ತೆಗೆದಿಡು. ಮುಂದಿನ ಸಲ ಒಯ್ತೀನಿ" ಎಂದು ಹತ್ತಿ ಕೂತರು. ಜೀಪು ಹೋಯಿತು.

ಶೀಸೆ ಹಿಡಿದು ದ್ಯಾವಪ್ಪ ಊರಬಾವಿಯ ಹತ್ತಿರ ಹೋದ. ಕಟ್ಟೆಯ ಮೇಲೆ ಗೌಡನ ಜೊತೆ ನಾಲ್ಕಾರು ಮಂದಿ ಕೂತಿದ್ದರು.

"ಏನಲೇ ದ್ಯಾವ್ಯಾ?"

"ಏನಿಲ್ರಿ ಗೌಡ್ರ" ಎಂದು ತಿರುಗಿದ. ಆ ಮಾತು ಆಡಿದ ತನ್ನ ಬಾಯಿಯ ಮೇಲೆ ಅವನಿಗೆ ಹೇಸಿಕೆ ಬಂತು.

ಕೇರಿಯಲ್ಲಿ ಹಣಮಮ್ಮ ಬಾವಿಯ ಒಂದು ಹಲಗೆ ಕಿತ್ತು ನಿಂತಿದ್ದಳು. ಬಗಲಲ್ಲಿ ಕೂಸು ನೀರಿಗಾಗಿ ಅಳುತ್ತಿತ್ತು.

"ಖರೇ ಹೇಳು. ಇದರಾಗ ವಿಷ ಅದನ?"

"ಅದ."

"ಮತ್ತ ಎಲ್ಲಿಂದ ತರ್ಲಿ?"

ದ್ಯಾವಪ್ಪ ಇನ್ನೊಂದು ಹಲಗೆ ಕಿತ್ತು, ಕೊಡ ಇಳಿಬಿಟ್ಟು ತಾನೇ ಸೇದಿದ. ಹಣಮಮ್ಮ ಬೊಗಸೆಯಲ್ಲಿ ನೀರು ಹಿಡಿದು, ಕೂಸಿನ ಬಾಯಿಗೆ ಒಯ್ಯುವ ಮುಂಚೆ ಗಂಡನ ಮುಖ ನೋಡಿದಳು.

ಅವನು ಬೇಡ ಎನ್ನಲಿಲ್ಲ.